ಕುರ್ಚಿಯಲ್ಲಿ ಕೂರದ ವಾಮನರಾಯರು

ವಾಮನರಾಯರ ಕುರ್ಚಿಯ ಮೇಲೆ ಅವರ ಊಟದ ಡಬ್ಬಿ ಕೂತಿರುತ್ತಿತ್ತು. ಅವರು ಕೂತದ್ದನ್ನು ನಾನು ಕಂಡಿಲ್ಲ. ರೈಲ್ವೆಯ ಟೆಲಿಕಾಂ ವಿಭಾಗದಿಂದ ನಿವೃತ್ತರಾಗಿ ಚೆನ್ನೈನ ಪೆರುಂಗುಡಿಯ ನಮ್ಮ ನೆಟ್‌ವರ್ಕ್ ಲ್ಯಾಬಿಗೆ ಸಲಹೆಗಾರರಾಗಿ ಬಂದವರು. ಓಡಾಡುತ್ತ ನನ್ನ ಮೇಜಿನ ಬಳಿ ಬಂದಾಗಲೆಲ್ಲ "ಇದ್ದೀಯೇನ್ ತಂಗಿ?" ಎನ್ನುತ್ತಿದ್ದರು. ಚೆನ್ನೈಗೆ ಬಂದು ನಲವತ್ತು ವರ್ಷವಾದರೂ ಹುಬ್ಬಳ್ಳಿ ಮಾತು ಬಿಟ್ಟಿರಲಿಲ್ಲ. ಸಿಟ್ಟು ಬಂದರೆ ಮಾತ್ರ ತಮಿಳು. ಎದುರಿಗೇ ಕೂತವಳನ್ನು ಇದ್ದೀಯಾ ಎಂದು ಕೇಳುವುದೇಕೆಂದು ನನಗೆ ಕಿರಿಕಿರಿ.

ಜಾಲದಲ್ಲಿ ಮಾಹಿತಿಗೆ ಮೊದಲೇ ದಾರಿ ಕಾದಿರಿಸುವ ಎರಡು ವಿಧಾನಗಳನ್ನು ಹೋಲಿಸಿ, ಹೊಸಬರ ತರಬೇತಿಗಾಗಿ ನಾನು ಟಿಪ್ಪಣಿ ಬರೆಯಬೇಕಿತ್ತು. ಮೊದಲನೆಯದು ಈಗ ಬಳಕೆ ತಪ್ಪಿದ ಸಿಆರ್-ಎಲ್‌ಡಿಪಿ; ಅದು ದಾರಿಯಲ್ಲಿನ ರೂಟರುಗಳಿಗೆ ಒಮ್ಮೆ ಹೇಳಿ ಸುಮ್ಮನಾಗುತ್ತದೆ. ಬೇಡವೆನ್ನುವವರೆಗೂ ದಾರಿ ಉಳಿಯುತ್ತದೆ. ಆರ್‌ಎಸ್‌ವಿಪಿ ಎಂಬ ಎರಡನೆಯದು ಅರ್ಧ ನಿಮಿಷಕ್ಕೊಮ್ಮೆ ನೆನಪಿಸುತ್ತಲೇ ಇರಬೇಕು; ನಾಲ್ಕೈದು ಸಲ ಸದ್ದಿಲ್ಲದಿದ್ದರೆ ರೂಟರುಗಳು ಜಾಗ ಬಿಟ್ಟುಕೊಡುತ್ತವೆ. ನನಗೆ ಮೊದಲನೆಯದೇ ಇಷ್ಟ. ಎರಡನೆಯದರ ಗಲಾಟೆ ತಗ್ಗಿಸಲು ನೆನಪಿಸುವ ಅವಧಿಯನ್ನು ಹತ್ತು ನಿಮಿಷಕ್ಕೆ ಏರಿಸಿದೆ.

ಎರಡನೆಯದರ ಪ್ರಯೋಗದ ದಿನ ರಾಯರು ಮೊದಲ ರೂಟರಿನ ಪ್ಲಗ್ ಕಿತ್ತರು. ನಡುವೆ ತಂತಿಗಳನ್ನು ಕೂಡಿಸುವ ಸ್ವಿಚ್ ಪೆಟ್ಟಿಗೆ ಇದ್ದುದರಿಂದ ಅದು ಸತ್ತದ್ದು ಮುಂದಿನವಕ್ಕೆ ತಿಳಿಯಲಿಲ್ಲ. ಇಲ್ಲದ ದಾರಿಗೆ ಜಾಗ ಹಿಡಿದೇ ಕೂತವು. ಹೊಸ ದಾರಿಗೆ ಎಡೆ ಸಿಗಲಿಲ್ಲ. ಹಳೆಯ ದಾರಿಯನ್ನು ಕೈಯಾರೆ ಅಳಿಸಲು ಹೋದೆ.

"ಕೈ ತಗೀ. ಹತ್ತು ನಿಮಿಷ ಅಂತ ನೀನೇ ಹೇಳೀದಿ. ಪಾಪ, ನಂಬಿ ಕೂತಾವ."

ಮುಕ್ಕಾಲು ಗಂಟೆ ದಾಟಿದರೂ ಅವರು ಓಡಾಡುತ್ತಲೇ ಇದ್ದರು, ನಾನು ಗಡಿಯಾರ ನೋಡುತ್ತಲೇ ಇದ್ದೆ.

"ಒಮ್ಮೆ ಹೇಳಿದ್ದು ಯಾವತ್ತೂ ಇರತದ ಅನ್ನೂದು ನಿನ್ನ ಸ್ವಭಾವ, ತಂಗಿ," ಎಂದರು ಕೊನೆಗೆ.

ರಾಯರು ಕೆಲಸ ಬಿಟ್ಟು ತಮ್ಮ ಮೈಲಾಪೂರಿನ ಮನೆಯಲ್ಲಿ ಉಳಿದ ಮೇಲೂ ಪ್ರತಿ ಬೆಳಿಗ್ಗೆ ನನ್ನ ಫೋನಿಗೆ ಅದೇ ಸಂದೇಶ: ಇದ್ದೀಯೇನ್ ತಂಗಿ? ಹೇಳಲು ಏನಾದರೂ ಇದ್ದಾಗ ಮಾತ್ರ ಉತ್ತರಿಸುತ್ತಿದ್ದೆ. ಒಮ್ಮೆ ವಾರವಿಡೀ ಸಂದೇಶ ಬರಲಿಲ್ಲ. ಇರುತ್ತಾರೆ ಎಂದುಕೊಂಡೆ. ಎಂಟನೇ ದಿನ ಅವರ ಮನೆಗೆ ಹೋದಾಗ ಹೆಂಡತಿ ಸುಧಾಬಾಯಿ ಬಾಗಿಲು ತೆರೆದರು. ರಾಯರು ತೀರಿಕೊಂಡು ಐದು ದಿನವಾಗಿತ್ತು.

"ಆಸ್ಪತ್ರ್ಯಾಗ ಕೈ ನಡುಗಿ ಬರಿಯಾಕ ಆಗಲಿಲ್ಲವ್ವಾ. ಆ ಹುಡುಗಿ ಏನರ ಬರದಾಳೇನು ಅಂತ ಕೇಳ್ತಿದ್ರು."

ಈಗ ಬೆಳಿಗ್ಗೆ ಏಳೂವರೆಗೆ ನಾನೇ ಸುಧಾಬಾಯಿಗೆ ಫೋನ್ ಮಾಡುತ್ತೇನೆ. "ಇದ್ದೇನವ್ವಾ, ಇದ್ದೇನಿ. ಹಾಲು ಉಕ್ಕತದ, ಫೋನ್ ಇಡು" ಎನ್ನುತ್ತಾರೆ. ಮೂರನೇ ರಿಂಗಿಗೂ ಎತ್ತದಿದ್ದರೆ ಕುರ್ಚಿ ಬಿಟ್ಟೆದ್ದು ಓಡಾಡತೊಡಗುತ್ತೇನೆ.