ಏಳು ಬಾವಿಗಳ ನಾಲ್ಕನೆಯ ಸಾಲು

ಶನಿವಾರ ಬೆಳಗ್ಗೆ ಆರಕ್ಕೆ ಊರಂಚಿನ ಬೋಪಾಲ್ ಬಡಾವಣೆಯ ನಮ್ಮ ಫ್ಲ್ಯಾಟಿನಿಂದ ಹೊರಟೆ. ದೇವರಿಗೆ ದೀಪ ಹಚ್ಚಿ, ಯಜಮಾನರಿಗೆ ಉಪ್ಪಿಟ್ಟು ಮುಚ್ಚಿಟ್ಟು, ಚೀಲದಲ್ಲಿ ಮೂರು ಪೆನ್ನು, ಇನ್ನೂರು ಪುಟದ ಒಂದು ನೋಟ್‌ಬುಕ್ ಹಾಕಿಕೊಂಡಿದ್ದೆ. ಸ್ಟೇಷನ್ನಿಗೆ ಆಟೋದವನು ಮುನ್ನೂರು ಕೇಳಿ ಇನ್ನೂರೈವತ್ತಕ್ಕೆ ಬಂದ. ವಡೋದರಾಕ್ಕೆ ನೂರು ಕಿಲೋಮೀಟರು, ಎರಡು ಗಂಟೆಯ ದಾರಿ. ಕಿಟಕಿಯ ಸೀಟು ಸಿಕ್ಕಿತು, ಬಿಸಿಲು ಆಚೆ ಬದಿಗಿತ್ತು. ಅಷ್ಟಕ್ಕೇ ಕೈಮುಗಿದೆ.

ಹೋಗುತ್ತಿದ್ದದ್ದು ಮಗಳು ಸುಮಾಳ ಕೆಲಸಕ್ಕೆ. ಯಜಮಾನರನ್ನು ಹಾಸನದಿಂದ ಬ್ಯಾಂಕಿನವರು ಇಲ್ಲಿಗೆ ವರ್ಗ ಮಾಡಿದಾಗ ಅವಳಿಗೆ ಮೂರು ವರ್ಷ. ಈಗ ಸೂರತ್ತಿನ ಒಂದು ಸಣ್ಣ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತ, ಬಟ್ಟೆಗೆ ಬಣ್ಣ ಹಾಕುವ ಮಿಲ್ಲುಗಳ ಸುತ್ತಲಿನ ಬಾವಿ ನೀರಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ಬೇರೆ ದೇಶದ ಇಂಥವೇ ಬಾವಿಗಳ ಮೇಲೆ ಯಾರೋ ಬರೆದ ಪ್ರಬಂಧವೊಂದಿದೆಯಂತೆ. ಅದರ ಅಂಕಿಗಳ ಜೊತೆ ತನ್ನವನ್ನು ಹೋಲಿಸದಿದ್ದರೆ ಅಧ್ಯಾಯ ಒಪ್ಪುವುದಿಲ್ಲ ಎಂದು ಅವಳ ಗೈಡ್ ಹೇಳಿದ್ದರು. ಸೋಮವಾರ ಕಡೆಯ ದಿನ.

ಅದು ಅಚ್ಚಾದ ಹೊರದೇಶದ ಪತ್ರಿಕೆ ತರಿಸುವ ಶಕ್ತಿ ಅವಳ ಕಾಲೇಜಿಗಿಲ್ಲ. ಬಡ ದೇಶಗಳಿಗೆ ಪುಕ್ಕಟೆ ಓದಲು ಕೊಡುವ ಯೋಜನೆಗೆ ಬರೆದರೆ, ನಿಮ್ಮ ದೇಶ ಪಟ್ಟಿಯಲ್ಲಿಲ್ಲ ಎಂದು ಉತ್ತರ ಬಂತು. ವಡೋದರಾದ ಒಂದು ದೊಡ್ಡ ಗ್ರಂಥಾಲಯ ಮಾತ್ರ ಆ ಪತ್ರಿಕೆಯವರೊಡನೆ ಒಂದು ವರ್ಷದ ಒಪ್ಪಂದ ಮಾಡಿಕೊಂಡಿತ್ತು. ಹೊರಗಿನವರೂ ಅಲ್ಲಿ ಕೂತು ಓದಬಹುದು, ಆದರೆ ಪ್ರಿಂಟ್ ಇಲ್ಲ, ಫೋಟೋ ಇಲ್ಲ. ಕೈಯಲ್ಲಿ ಬರೆದುಕೊಳ್ಳಬೇಕು. ಅದೇ ವಾರ ಸುಮಾ ಸ್ಕೂಟರಿನಿಂದ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು. ಮುರಿದದ್ದು ಒಂದೇ ಮೂಳೆ, ದೇವರು ದೊಡ್ಡವನು.

ಸೂರತ್ತಿನ ಗಾಡಿಯಲ್ಲಿ ಬಂದು ಅವಳು ವಡೋದರಾ ಸ್ಟೇಷನ್ನಿನಲ್ಲಿ ಕಾಯುತ್ತಿದ್ದಳು. ಹೊರಗೆ ಕುಂದಾಪುರದ ಕಡೆಯವರ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಗಲ್ಲಾದಲ್ಲಿದ್ದ ಹೋಟೆಲಿನ ಮಾಲೀಕರು ನಮ್ಮ ಕನ್ನಡ ಕೇಳಿ ಎದ್ದೇ ಬಂದರು.

"ಎಂತ ಅಮ್ಮ, ಮಗಳ ಕೈಗೆ ಎಂತಾಯ್ತು?"

"ಸ್ಕೂಟರಿನಿಂದ ಬಿದ್ಲು. ಪಿಎಚ್‌ಡಿ ಮಾಡ್ತಿದಾಳೆ."

"ಹಂಗಾರೆ ಓದಿದ್ದು ಜಾಸ್ತಿ ಆಯ್ತು ಕಾಣಿ, ರಸ್ತೆ ಕಾಣ್ಲಿಲ್ಲ."

ಸುಮಾ ನಕ್ಕಳು. ಅವತ್ತು ಅವಳು ನಕ್ಕದ್ದು ಅದೊಂದೇ ಸಲ.

ಗ್ರಂಥಾಲಯದಾಕೆ ನನ್ನ ವಯಸ್ಸಿನವರೇ. ಇಲ್ಲಿನವರ ರೂಢಿಯಂತೆ ಅಕ್ಕ ಎಂದು ಕರೆದು ಹಿಂದಿಯಲ್ಲಿ ಹೇಳಿದರು: "ಬೆನ್, ಮೊಬೈಲ್ ಇಲ್ಲಿಡಿ. ಒಳಗೆ ಮಾತಾಡೋ ಹಾಗಿಲ್ಲ. ಇವತ್ತೇ ಬಂದ್ರಿ, ಒಳ್ಳೇದಾಯ್ತು. ಸಂಜೆ ಐದಕ್ಕೆ ಒಪ್ಪಂದ ಮುಗಿಯತ್ತೆ."

"ಮತ್ತೆ ಮಾಡ್ಕೊಳಲ್ವಾ?"

"ಮೇಲಿನವರನ್ನ ಕೇಳಿ. ನಾನು ಬೀಗ ತೆಗೆಯೋಳು, ಹಾಕೋಳು."

ಸುಮಾ ಒಂದು ಕಂಪ್ಯೂಟರಿನಲ್ಲಿ ಪ್ರಬಂಧ ಓದುತ್ತ ಎಡಗೈಯಲ್ಲಿ ಗೀಚಿಕೊಳ್ಳತೊಡಗಿದಳು. ಪಕ್ಕದ್ದರಲ್ಲಿ ನನಗೆ ಅಂಕಿಗಳ ಪಟ್ಟಿ ತೆಗೆದುಕೊಟ್ಟಳು. ನಲವತ್ತು ಬಾವಿ, ಒಂದೊಂದರ ನೀರನ್ನೂ ಮೂರು ಸಲ ಅಳೆದಿದ್ದಾರೆ, ಒಂದೊಂದು ಅಳತೆಗೆ ಒಂದು ಸಾಲು, ಸಾಲಿಗೆ ಒಂಬತ್ತು ಅಂಕಿ. ಅರ್ಥ ನನಗೆ ಬೇಕಿರಲಿಲ್ಲ. ದಿನವೂ ರಾಮನಾಮ ಬರೆದ ಕೈ, ಅಕ್ಷರ ದುಂಡಗೆ ಬರುತ್ತದೆ. ಏಳು ಗಂಟೆ ಬರೆದೆ. ತಣ್ಣನೆಯ ನೀರು ಬಾಗಿಲಲ್ಲೇ ಇತ್ತು, ಫ್ಯಾನ್ ತಿರುಗುತ್ತಿತ್ತು. ಐದಕ್ಕೆ ಹತ್ತು ನಿಮಿಷವಿರುವಾಗ ಕಡೆಯ ಬಾವಿ ಮುಗಿಸಿ ಪುಸ್ತಕವನ್ನು ಕಣ್ಣಿಗೊತ್ತಿಕೊಂಡೆ.

ಸೂರತ್ತಿಗೆ ಇನ್ನೂ ನೂರಮೂವತ್ತು ಕಿಲೋಮೀಟರು. ಗಾಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಭರೂಚ್ ಬಂದ ಮೇಲೆ ಸೀಟು ಸಿಕ್ಕಿ, ಸುಮಾ ನೋಟ್‌ಬುಕ್ ತೆರೆದಳು. ಹಾಳೆ ಮಗುಚುತ್ತಿದ್ದ ಕೈ ನಿಂತಿತು.

"ಅಮ್ಮ, ಈ ಬಾವಿಗೆ ನಾಲ್ಕು ಸಾಲಿದೆ. ತೀನ್ ಹೀ ಇರ್ಬೇಕಲ್ಲ?"

ನೋಡಿದೆ. ಹೌದು, ನಾಲ್ಕು. ಎಣಿಸುತ್ತ ಹೋದರೆ ಏಳು ಬಾವಿಗಳಿಗೆ ಹಾಗೆಯೇ ಇತ್ತು. ಆಗ ನನಗೆ ಹೊಳೆಯಿತು. ರಾಮನಾಮ ಬರೆಯುವಾಗ ತಪ್ಪಿದರೆ ಗೀಟು ಹಾಕಬಾರದು ಎಂದು ನಮ್ಮತ್ತೆ ಹೇಳಿಕೊಟ್ಟಿದ್ದರು. ದೇವರ ಹೆಸರನ್ನು ಹೊಡೆದುಹಾಕಬಾರದು, ಹಾಗೇ ಬಿಟ್ಟು ಮುಂದೆ ಸರಿಯಾಗಿ ಬರೆಯಬೇಕು. ಮೂವತ್ತು ವರ್ಷದ ಅಭ್ಯಾಸ. ಕಣ್ಣು ಮೇಲಿನ, ಕೆಳಗಿನ ಸಾಲಿಗೆ ಜಾರಿ ಅಂಕಿ ಬೆರೆತಲ್ಲೆಲ್ಲ ಆ ಸಾಲನ್ನು ಹಾಗೇ ಬಿಟ್ಟು ಮತ್ತೆ ಬರೆದಿದ್ದೆ.

"ಕೆಟ್ಟಿದ್ದು ಯಾವುದು ಹೇಳು. ಮೊದಲ್ನೇದಾ, ಎರಡ್ನೇದಾ, ಮೂರ್ನೇದಾ?"

ಹೆತ್ತ ಮಗಳ ಮುಖ ನೋಡಿದರೆ ಏನಾದರೊಂದು ಹೇಳಿಬಿಡೋಣ ಅನ್ನಿಸಿತು. ನಾಲ್ಕೂ ಸಾಲು ಅಕ್ಕತಂಗಿಯರ ಹಾಗೆ ಒಂದೇ ತರ ಇದ್ದವು. ಹೇಳಿದ್ದರೆ ಅವಳು ನಂಬುತ್ತಿದ್ದಳು, ಗೈಡೂ ನಂಬುತ್ತಿದ್ದರು. ದೇವರನ್ನು ನೆನೆದೆ. ನೆನಪು ಬರಲಿಲ್ಲ.

"ಗೊತ್ತಿಲ್ಲ ಕಣೇ. ಸುಳ್ಳು ಹೇಳಲಾರೆ."

ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಪೆನ್ನನ್ನು ಎಡಗೈಗೆ ತೆಗೆದುಕೊಂಡು ಆ ಏಳೂ ಬಾವಿಗಳ ಮೇಲೆ ಅಡ್ಡಾದಿಡ್ಡಿ ಗೀಟು ಎಳೆದಳು. "ಡೌಟ್ ಇರೋದನ್ನ ಹಾಕೋಕಾಗಲ್ಲ ಅಮ್ಮ. ನಮ್ಮ ನೀರು ಕುಡಿಯೋರ ವಿಷಯ ಇದು."

ಅವಳ ರೂಮಿನಲ್ಲಿ ಅನ್ನ, ಸಾರು ಮಾಡಿದೆ. ನಾನು ಕಲಸಿಕೊಟ್ಟ ಅನ್ನ ಅವಳ ತಟ್ಟೆಯಲ್ಲೇ ಉಳಿಯಿತು.

ಬೆಳಗ್ಗೆ ನನ್ನನ್ನು ಹತ್ತಿಸಲು ಸೂರತ್ ಸ್ಟೇಷನ್ನಿಗೆ ಬಂದಳು. ಪ್ಲಾಟ್‌ಫಾರ್ಮಿನಲ್ಲಿರುವಾಗಲೇ, ರಾತ್ರಿ ಅವಳು ಬರೆದು ಕೇಳಿದ್ದಕ್ಕೆ ಗೈಡ್‌ರ ಉತ್ತರ ಬಂತು: ಏಳು ಬಾವಿ ಬಿಟ್ಟರೆ ಹೋಲಿಕೆ ನಿಲ್ಲುವುದಿಲ್ಲ, ಪೂರ್ತಿ ಪಟ್ಟಿ ತರಬೇಕು, ಇಲ್ಲದಿದ್ದರೆ ಮುಂದಿನ ಅವಧಿಗೆ.

"ಅಂದ್ರೆ ಯಾವಾಗ?"

"ಆರು ತಿಂಗಳು. ಅಷ್ಟರಲ್ಲಿ ಕೈಯಾದ್ರೂ ಸರಿಹೋಗತ್ತೆ ಬಿಡು."

"ಅಷ್ಟರಲ್ಲಿ ಆ ಒಪ್ಪಂದ ಮತ್ತೆ ಮಾಡ್ಕೋತಾರಾ?"

ನಾನು ಗಾಡಿ ಹತ್ತಿ ಕೂತ ಮೇಲೆ ಅವಳು ಕಿಟಕಿಯ ಸರಳಿನ ಮೂಲಕ ನನ್ನ ಬೆರಳು ಒತ್ತಿದಳು. ಬರೆದೂ ಬರೆದೂ ಅವು ಊದಿಕೊಂಡಿದ್ದವು.

ಗಾಡಿ ಹೊರಟಿತು. ತಿರುಗಿ ನೋಡಿದಾಗ ಅವಳು ಚಹಾದಂಗಡಿಯ ಪಕ್ಕ ಕಿವಿಗೆ ಫೋನು ಹಿಡಿದು ನಿಂತಿದ್ದಳು. ವಡೋದರಾದ ಆ ಗ್ರಂಥಾಲಯಕ್ಕೆ ಮಾಡುತ್ತಿದ್ದಳಂತೆ. ಯಾರೂ ಎತ್ತಲಿಲ್ಲ. ಅವತ್ತು ಭಾನುವಾರ.