ಚೇಟ್ಟನ ಹಾಗೆ ನಡೆದು ನನ್ನ ಬೆನ್ನು ಹಿಡಿದದ್ದು

ಯಾರ ನಡಿಗೆಯನ್ನಾದರೂ ಎರಡು ಸಲ ನೋಡಿದರೆ ಸಾಕು, ಮೂರನೆಯ ಸಲ ನಾನೇ ಹಾಗೆ ನಡೆದು ತೋರಿಸುತ್ತೇನೆ. ಫಿಸಿಯೋಥೆರಪಿ ಓದುವಾಗ ನನಗೆ ಪೂರ್ತಿ ಅಂಕ ಬರಬಹುದಾಗಿದ್ದ ಈ ಒಂದೇ ವಿಷಯಕ್ಕೆ ಪರೀಕ್ಷೆ ಇರಲಿಲ್ಲ. ಕಡಬದ ಕ್ಲಿನಿಕ್ ಸೇರಿದ ಮೇಲೆ ಆ ವಿದ್ಯೆ ಸಂಜೆಯ ಚಹಾದ ಹೊತ್ತಿಗೆ ಮೀಸಲಾಯಿತು. ಚೀಟಿ ಬರೆಯುವ ಅಕ್ಕ ಒಬ್ಬರೇ ಪ್ರೇಕ್ಷಕರು.

ಕಳೆದ ಮಳೆಗಾಲದಲ್ಲಿ ನೆಲ್ಯಾಡಿ ಕಡೆಯ ರಬ್ಬರ್ ಕೃಷಿಕರೊಬ್ಬರು ಬಂದರು. ಅಪ್ಪನ ಕಾಲದಲ್ಲಿ ಕೇರಳದಿಂದ ಬಂದ ಕುಟುಂಬ. ಊರಿಗೆಲ್ಲ ಅವರು ಚೇಟ್ಟ, ಎಂದರೆ ಮಲಯಾಳದಲ್ಲಿ ಅಣ್ಣ; ಹೆಂಡತಿ ಚೇಚಿ. ಮೂರು ತಿಂಗಳ ಹಿಂದೆ ಮರದ ಬುಡಕ್ಕೆ ಬಗ್ಗಿದಾಗ ಬೆನ್ನು ಹಿಡಿದಿತ್ತು. ಸ್ಕ್ಯಾನ್ ನೋಡಿದ ಯಾರೋ ಡಿಸ್ಕ್ ಜಾರಿದೆ ಅಂದರು. ಅಂದಿನಿಂದ ಹಾಸಿಗೆ ಮತ್ತು ಸೊಂಟದ ಬೆಲ್ಟ್. ಮಳೆ ಬಿಟ್ಟು, ಮರ ಗೀರಿ ರಬ್ಬರ್ ಹಾಲು ಇಳಿಸುವ ಟ್ಯಾಪಿಂಗ್ ಶುರುವಾಗುವುದರೊಳಗೆ ಸರಿಯಾಗದಿದ್ದರೆ ತೋಟವನ್ನು ಬೇರೊಬ್ಬರಿಗೆ ವಹಿಸುವುದೆಂದು ಚೇಚಿ ಮಾತಾಡಿ ಇಟ್ಟಿದ್ದರು. ತಾನು ನೆಟ್ಟ ಮರಕ್ಕೆ ಇನ್ನೊಬ್ಬ ಕತ್ತಿ ಇಡುತ್ತಾನೆಂಬ ಮಾತು ಬಂದಾಗಲೆಲ್ಲ ಚೇಟ್ಟನ ಮುಖ ಸಣ್ಣದಾಗುತ್ತಿತ್ತು.

ಕಾಲಿನ ಬಲ, ಸ್ಪರ್ಶ, ಜ್ವರ, ಮೂತ್ರದ ತೊಂದರೆ ಎಲ್ಲವನ್ನೂ ವಿಚಾರಿಸಿದೆ. ಹೆದರುವಂಥದ್ದು ಏನೂ ಇರಲಿಲ್ಲ. ಈ ವಯಸ್ಸಿನಲ್ಲಿ ನೋವೇ ಇಲ್ಲದವರ ಸ್ಕ್ಯಾನಿನಲ್ಲೂ ಹೀಗೇ ಕಾಣುತ್ತದೆ, ಮಲಗಿದಷ್ಟೂ ಬೆನ್ನು ಸೋಲುತ್ತದೆ, ಓಡಾಡಬೇಕು ಎಂದು ನಮ್ಮ ಮೇಷ್ಟ್ರ ದನಿಯಲ್ಲೇ ಪಾಠ ಹೇಳಿದೆ. ಚೇಟ್ಟ ಎಲ್ಲದಕ್ಕೂ ತಲೆಯಾಡಿಸಿ, ಬೆಲ್ಟನ್ನು ಇನ್ನಷ್ಟು ಬಿಗಿ ಮಾಡಿಸಿಕೊಂಡು ಹೋದರು. ಮರುವಾರ ಬಂದಾಗ ನಾನು ಕೊಟ್ಟ ವ್ಯಾಯಾಮದ ಹಾಳೆ ಸ್ಕ್ಯಾನಿನ ಕವರಿನೊಳಗೆ ಮಡಿಕೆ ಬಿಚ್ಚದೆ ಭದ್ರವಾಗಿತ್ತು.

ಅಂದು ಸಂಜೆ ಅಕ್ಕನಿಗೆ ಚೇಟ್ಟನ ನಡಿಗೆ ತೋರಿಸಿದೆ. ಸೊಂಟಕ್ಕೆ ಎರಡೂ ಕೈ, ಪಕ್ಕಕ್ಕೆ ನೋಡಬೇಕಾದರೆ ಇಡೀ ದೇಹವೇ ತಿರುಗಬೇಕು. ಅಕ್ಕ ನಗಲಿಲ್ಲ. ತಿರುಗಿ ನೋಡಿದರೆ, ಮರೆತ ಕೊಡೆಗೆ ವಾಪಸು ಬಂದ ಚೇಟ್ಟ ಮತ್ತು ಚೇಚಿ ಬಾಗಿಲಲ್ಲಿದ್ದರು. ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು.

"ಸರಿ ಆಗಲಿಲ್ಲ ಡಾಕ್ಟ್ರೇ," ಅಂದರು ಚೇಟ್ಟ. "ನಾನು ಉಸಿರು ಸಹ ಹಿಡಿದುಕೊಳ್ಳುದು. ಇನ್ನೊಮ್ಮೆ ಮಾಡಿ ನೋಡುವ."

ಚೇಚಿ ಆಟ ನೋಡುವವರ ಹಾಗೆ ಕುರ್ಚಿ ಎಳೆದು ಕೂತರು. ಪ್ರಾಯಶ್ಚಿತ್ತವೆಂದು ಉಸಿರು ಕಟ್ಟಿ, ಹೊಟ್ಟೆ ಬಿಗಿಹಿಡಿದು ಜಗಲಿಯುದ್ದ ನಡೆದೆ. ಒಂದೊಂದು ಸುತ್ತಿಗೂ ಚೇಟ್ಟ ತಪ್ಪು ತಿದ್ದಿದರು. ಕೊನೆಗೆ ಕೂರಲು ಹೋದರೆ ಬೆನ್ನು ಸೌದೆಯಂತಾಗಿತ್ತು. 'ಅಮ್ಮಾ' ಎಂದು ಬಂದದ್ದು ಮಾತ್ರ ನನ್ನದೇ ದನಿ.

"ಎಂತ, ನಿಮ್ಮದೂ ಡಿಸ್ಕ್ ಜಾರಿತಾ?"

"ಇಲ್ಲ ಚೇಟ್ಟ. ನಿಮ್ಮ ಹಾಗೆ ನಡೆದದ್ದು, ಅಷ್ಟೇ."

ಅವರು ಬೆಲ್ಟಿನ ಮೇಲೆ ಕೈಯಾಡಿಸಿದರು. "ಹಾಗಾದರೆ ನಾನು ನಿಮ್ಮ ಹಾಗೆ ನಡೆದರೆ?"

ತಾವೇ ಬೆಲ್ಟ್ ಬಿಚ್ಚಿ ಚೇಚಿಯ ಮಡಿಲಿಗೆ ಹಾಕಿ, ಕೈ ಬೀಸಿಕೊಂಡು, ಪಂಚಾಯತ್ ಚುನಾವಣೆ ಗೆದ್ದವನ ಠೀವಿಯಲ್ಲಿ ನಡೆದರು. ನಾನು ನಿತ್ಯ ಹಾಗೆ ನಡೆಯುತ್ತೇನಂತೆ. ಅಕ್ಕ ಈಗ ಮನಸಾರೆ ನಕ್ಕರು.

ಆಮೇಲೆ ಹಾಳೆಯ ಗೊಡವೆಗೆ ಹೋಗಲಿಲ್ಲ. ಮರದ ಬುಡಕ್ಕೆ ಬಗ್ಗುವುದೇ ವ್ಯಾಯಾಮ, ಹಾಲಿನ ಬಕೆಟ್ಟಿಗೆ ಅರ್ಧ ನೀರು ತುಂಬಿ ಎತ್ತುವುದೇ ವ್ಯಾಯಾಮ. ವಾರ ಕಳೆದಂತೆ ನೀರು ಹೆಚ್ಚಿತು. ಕೆಲವು ದಿನ ಫೋನಿನಲ್ಲಿ, ನೋವುಂಟು, ಮಲಗುದಾ ಎಂದು ಕೇಳುತ್ತಿದ್ದರು. ಅರ್ಧ ಮಾಡಿ, ಮಲಗುದು ಬೇಡ ಅನ್ನುತ್ತಿದ್ದೆ. ಮತ್ತೊಂದು ಸಲ ಬೆನ್ನು ಹಿಡಿದಾಗ ಎರಡೇ ದಿನದಲ್ಲಿ ಎದ್ದು ಓಡಾಡಿದರು.

ಮಳೆ ಬಿಟ್ಟಿತು. ಒಂದು ಬೆಳಿಗ್ಗೆ ತೋಟಕ್ಕೆ ಹೋದೆ. ಚೇಚಿ ಮಾತಾಡಿ ಇಟ್ಟಿದ್ದ ಟ್ಯಾಪಿಂಗಿನವನೂ ಮರ ನೋಡಲು ಬಂದಿದ್ದ. ಚೇಟ್ಟ ಆಗಲೇ ಮೂರನೆಯ ಸಾಲಿನಲ್ಲಿದ್ದರು. ಬಗ್ಗಿ, ಕತ್ತಿಯನ್ನು ಒಂದೇ ಎಳೆತಕ್ಕೆ ಎಳೆದರು. ಬಿಳಿ ಹಾಲು ಗೀರಿನುದ್ದಕ್ಕೂ ಜಾರಿ ಬಂತು. ಎದ್ದು ನಿಲ್ಲುವಾಗ ಅವನನ್ನು ಕಂಡರು.

"ಮರ ಕೊಡುದಿಲ್ಲ ಮಾರಾಯ," ಅಂದರು. "ಹಾಲು ಹೊರಲಿಕ್ಕೆ ಜನ ಬೇಕು, ಬರ್ತೀಯಾ?"

ಉತ್ತರಕ್ಕೆ ಕಾಯದೆ ಮುಂದಿನ ಮರಕ್ಕೆ ಹೋದರು.