ಎಡಗಾಲು ತೋರಿಸು

ನಮ್ಮ ಮನೆಯ ಗ್ಯಾಸ್ ಸಿಲಿಂಡರಿನ ಓಟಿಪಿ ಆಫ್ರಿಕಾಕ್ಕೆ ಹೋಗುತ್ತಿತ್ತು. ನಗಬೇಡಿ. ಚಾಮರಾಜಪೇಟೆಯ ನಮ್ಮ ಬಾಗಿಲಲ್ಲಿ ಸಿಲಿಂಡರ್ ಇಳಿಸಿ ನಿಂತವನಿಗೆ ನಾನು ಹೇಳಬೇಕಾದ ನಾಲ್ಕು ಅಂಕಿ ನನ್ನ ಗಂಡನ ನಂಬರಿಗೆ ಹೋಗುತ್ತಿತ್ತು. ಆ ನಂಬರಿನ ಫೋನು ಸಮುದ್ರದಾಚೆಯ ಯಾವುದೋ ಕೆಮ್ಮಣ್ಣಿನ ಬಯಲಲ್ಲಿ, ಡೇರೆಯೊಳಗಿನ ಟ್ರಂಕಿನಲ್ಲಿ ಸ್ವಿಚ್ ಆಫ್ ಆಗಿ ಮಲಗಿತ್ತು. "ಸಾರ್‌ಗೆ ಒಂದು ಫೋನ್ ಹಾಕಿ ಕೇಳಿ ಮೇಡಂ" ಎಂದು ಸಿಲಿಂಡರಿನವನು ಸಲೀಸಾಗಿ ಹೇಳುತ್ತಿದ್ದ. ಅಡುಗೆ ಮಾಡುವವಳು ನಾನು, ಬಾಗಿಲು ತೆಗೆದವಳು ನಾನು. ನಾನು ಇದೇ ಮನೆಯವಳು ಎಂದು ಹೇಳಬೇಕಾದವನು ಮಾತ್ರ ಇನ್ನೊಂದು ಖಂಡದಲ್ಲಿದ್ದ. ನಂಬರ್ ಬದಲಾಯಿಸಲು ಹೋದರೆ ಕೌಂಟರಿನಲ್ಲಿದ್ದ ಪುಣ್ಯಾತ್ಮ "ಅವರೇ ಬಂದು ಸೈನ್ ಮಾಡ್ಬೇಕಲ್ಲ" ಎಂದ. ಯುದ್ಧ ನಿಲ್ಲಿಸಿ ಬರಲು ಹೇಳುತ್ತೇನೆ ಎಂದು ಬಂದುಬಿಟ್ಟೆ.

ಯುದ್ಧ ಎನ್ನುವುದು ನನ್ನ ಸಿಟ್ಟಿನ ಮಾತು. ಅವನು ಹೋಗಿದ್ದು ಬೇರೆಯವರ ಯುದ್ಧ ಬಿಡಿಸಲು, ಶಾಂತಿ ಕಾಯುವ ಪಡೆಯ ಜೊತೆ. ಸೇನೆಯಲ್ಲಿ ಅವನದು ರಸ್ತೆ, ಸೇತುವೆ ಕಟ್ಟುವ ಕೆಲಸ. ಮಳೆ ಬಂದರೆ ಕೊಚ್ಚಿಹೋಗುವ ದಾರಿಗಳನ್ನು ಮತ್ತೆ ಮತ್ತೆ ಕಟ್ಟುವುದು. ಒಂದು ವರ್ಷದ ಮಾತು. ನನ್ನದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಕೆಲಸ, ಮಗಳಿಗೆ ಏಳು ವರ್ಷ, ಅವಳ ಶಾಲೆ ಬಸವನಗುಡಿಯಲ್ಲಿ. ಹಾಗಾಗಿ ಆ ವರ್ಷ ಅವನ ತಾಯಿಯ ಮನೆಯಲ್ಲೇ ಇದ್ದೆವು. ಮನೆಯಲ್ಲಿ ಅತ್ತೆ, ಮೈದುನ, ನಾನು, ಮಗಳು. ಮಾವ ತೀರಿಕೊಂಡು ಕೆಲವು ವರ್ಷಗಳಾಗಿದ್ದವು.

ಹೊರಡುವ ಮುನ್ನ ಅವನ ಹತ್ತಿರ ನಾನು ಕೇಳಿದ್ದು ಒಂದೇ. ಚಿನ್ನ ಬೇಡ, ದಿನಾ ಫೋನೂ ಬೇಡ. ಕೆಟ್ಟದ್ದೇನಾದರೂ ಆದರೆ ಮೊದಲು ನನಗೆ ಹೇಳಬೇಕು. ಬೇರೆಯವರ ಬಾಯಿಂದ ನಾನು ಕೇಳಬಾರದು. ಹಿಂದೆ ಕ್ವಾರ್ಟರ್ಸಿನಲ್ಲಿದ್ದಾಗ ಪಕ್ಕದ ಮನೆಯ ಹೆಂಗಸಿಗೆ ಗಂಡ ಗಾಯಗೊಂಡ ಸುದ್ದಿ ಹೇಳಿದವಳು ಹಾಲಿನ ಬೂತಿನ ಮುಂದೆ ನಿಂತಿದ್ದ ಯಾರೋ ಒಬ್ಬಳು. ಸುದ್ದಿ ಕೇಳಿದವಳು ಹಾಲಿನ ಪ್ಯಾಕೆಟ್ ಹಿಡಿದುಕೊಂಡೇ ನೆಲಕ್ಕೆ ಕೂತದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅವನೂ ಕಂಡಿದ್ದ. "ನನ್ನಾಣೆ, ನಿಂಗೇ ಮೊದಲು ಹೇಳ್ತೀನಿ" ಎಂದ. ನಂಬಿದೆ.

ಅತ್ತೆಯ ಮನೆಯ ನಿಯಮವೇ ಬೇರೆ. ಬಂದೂಕು ಹಿಡಿದವನ ಮನಸ್ಸು ಕೆಡಿಸಬಾರದು. ಭಾನುವಾರ ಮಧ್ಯಾಹ್ನ ಅಲ್ಲಿಯ ವೈಫೈ ಸಿಕ್ಕಾಗ ಅವನು ವಿಡಿಯೋದಲ್ಲಿ ಬರುತ್ತಿದ್ದ. ಅದಕ್ಕೆ ಮುಂಚೆಯೇ ನಮ್ಮ ಮನೆಯಲ್ಲಿ ನಾಟಕದ ತಯಾರಿ. ಮಗಳಿಗೆ ಜಡೆ, ನನಗೆ ಹೂವು, ಸೋಫಾದ ಮೇಲೆ ಹೊಸ ಹೊದಿಕೆ. ಎಲ್ಲ ಚೆನ್ನಾಗಿದೆ ಎನ್ನುವುದು ಎಲ್ಲರ ಸಂಭಾಷಣೆ. ಮಗಳಿಗೆ ಡೆಂಗಿ ಬಂದು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದಾಗ ಅತ್ತೆ ಫೋನಿನ ಹಿಂದೆ ನಿಂತು ಬೇಡ ಬೇಡ ಎಂದು ಕೈಯಾಡಿಸುತ್ತಲೇ ಇದ್ದರು. ನಾನು ಹೇಳಿಬಿಟ್ಟೆ. ಮಗಳ ಪ್ಲೇಟ್‌ಲೆಟ್ ಎಷ್ಟು, ಡ್ರಿಪ್ ಯಾವುದು, ಎಲ್ಲ. ಅವನ ಮುಖ ಸಣ್ಣದಾಯಿತು, ನಿಜ. ಆದರೂ ಮಾತು ಎಂದರೆ ಇಬ್ಬರಿಗೂ ಮಾತೇ. ಆಮೇಲೆ ಎರಡು ದಿನ ಅತ್ತೆ ನನ್ನ ಜೊತೆ ಮಾತಾಡಲಿಲ್ಲ. ಕುಕ್ಕರಿನ ಸದ್ದಿನಲ್ಲೇ ಬೈದರು.

ಊರಿನವರದು ಇನ್ನೊಂದು ಕಾಟ. "ಎಷ್ಟು ಪುಣ್ಯ ಮಾಡಿದೀರಿ, ದೇಶಸೇವೆ" ಎಂದು ಎದುರುಮನೆಯವರು ಗೇಟಿನಲ್ಲೇ ಕೈಮುಗಿಯುತ್ತಿದ್ದರು. ಅದೇ ಎದುರುಮನೆಯವರು ನಮ್ಮ ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸುತ್ತಿದ್ದರು. ತೆಗೆಯಿರಿ ಎಂದರೆ "ನಿಮ್ಮನೇಲಿ ಗಂಡಸ್ರು ಬಂದಾಗ ತೆಗೀತೀವಿ ಬಿಡಿ" ಎಂದು ನಗುತ್ತಿದ್ದರು. ಆ ನಗು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಆಷಾಢದ ಕೊನೆಗೆ ಭೀಮನ ಅಮಾವಾಸ್ಯೆ ಬಂತು. ಹೆಂಡತಿ ಗಂಡನ ಪಾದ ತೊಳೆದು ಪೂಜೆ ಮಾಡುವ ದಿನ. ನನಗೆ ಈ ಪೂಜೆಯ ಮೇಲೆ ಹೇಳಿಕೊಳ್ಳುವಂಥ ಭಕ್ತಿ ಯಾವತ್ತೂ ಇರಲಿಲ್ಲ. ಹೋದ ವರ್ಷಗಳಲ್ಲಿ ಅವನು ಮನೆಯಲ್ಲಿದ್ದರೆ ನಗುತ್ತ ಮಾಡಿ ಮುಗಿಸುತ್ತಿದ್ದೆ, ಇಲ್ಲದಿದ್ದರೆ ದೀಪದ ಕಂಬಗಳಿಗೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿದರೆ ಆಯಿತು. ಗಂಡ ಊರಲ್ಲಿ ಇಲ್ಲದವರೆಲ್ಲ ಹಾಗೇ ಮಾಡುತ್ತಾರೆ. ಆ ವರ್ಷ ಅತ್ತೆ ಹಟ ಹಿಡಿದರು.

"ಫೋನಲ್ಲಿ ಕಾಲು ತೋರಿಸ್ಲಿ, ನೀನು ಪೂಜೆ ಮಾಡು. ಈಗೆಲ್ಲಾ ಹಾಗೇ ಮಾಡ್ತಾರೆ."

"ಅತ್ತೆ, ಅಲ್ಲಿ ಅವರಿಗೆ ಡ್ಯೂಟಿ ಇರತ್ತೆ. ಬೂಟು ಬಿಚ್ಕೊಂಡು ಕೂರೋಕ್ಕಾಗತ್ತಾ?"

"ನಾನು ಕೇಳಿದೀನಿ. ಬೆಳಗ್ಗೆ ಹತ್ತು ನಿಮಿಷ ಸಿಗ್ತಾನಂತೆ. ಈ ವರ್ಷ ಬಿಡೋದು ಬೇಡ ಕಣಮ್ಮ."

ನನ್ನನ್ನು ಕೇಳುವ ಮುಂಚೆ ಅವನನ್ನು ಕೇಳಿಯಾಗಿತ್ತು. ಅವರಿಬ್ಬರೂ ಭಾನುವಾರ ಅಲ್ಲದ ದಿನ ಯಾವಾಗ ಮಾತಾಡಿದರು ಎಂದು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ. ಈಚೆಗೆ ಕೆಲವು ವಾರಗಳಿಂದ ನಾನು ಅಡುಗೆಮನೆಗೆ ಕಾಲಿಟ್ಟರೆ ಅತ್ತೆ, ಮೈದುನ ಇಬ್ಬರೂ ಮಾತು ನಿಲ್ಲಿಸುತ್ತಿದ್ದರು. ಮೈದುನನಿಗೆ ಹೆಣ್ಣು ನೋಡುತ್ತಿದ್ದರು, ಅದೇ ವಿಷಯ ಇರಬೇಕು ಎಂದುಕೊಂಡಿದ್ದೆ.

ಮಾವ ಹೋದ ಮೇಲೆ ಅತ್ತೆ ಈ ಪೂಜೆಗೆ ಕೂರುವುದಿಲ್ಲ. ನಡುಮನೆಯ ಬಾಗಿಲಿನ ಆಚೆ ನಿಲ್ಲುತ್ತಾರೆ. ಯಾರೂ ಹಾಗೆ ನಿಲ್ಲಿ ಎಂದು ಹೇಳಿಲ್ಲ, ನನ್ನ ಹೊರತು ಯಾರೂ ಒಳಗೆ ಬನ್ನಿ ಎಂದೂ ಕರೆದಿಲ್ಲ. ನಾನು ಕರೆದರೆ ಕಣ್ಣು ಬಿಡುತ್ತಾರೆ. ಹಾಗಾಗಿ ಪೂಜೆ ಹೇಳಿಕೊಡಲು ಮಲ್ಲೇಶ್ವರದಿಂದ ಅವರ ಅಕ್ಕ ಬರಬೇಕು. ನನ್ನ ಗಂಡನಿಗೆ ದೊಡ್ಡಮ್ಮ. ಎಂಬತ್ತರ ಹತ್ತಿರದ ಮುತ್ತೈದೆ, ಮೆಟ್ರೋದಲ್ಲಿ ಸೀಟು ಬಿಟ್ಟುಕೊಡದ ಹುಡುಗರಿಗೆ ಪಾಠ ಹೇಳಿಕೊಂಡೇ ಬಂದಿಳಿಯುತ್ತಾರೆ. ಪೂಜೆಯಲ್ಲಿ ಒಂದು ವೀಳ್ಯದೆಲೆಯ ತುದಿ ಈ ಕಡೆ ತಿರುಗಿದ್ದರೂ ಅವರಿಗೆ ಸಮಾಧಾನವಿಲ್ಲ.

ಆವತ್ತು ನಾನು ಶಾಲೆಗೆ ಅರ್ಧ ದಿನ ರಜೆ ಹಾಕಿದ್ದೆ. ಎರಡು ದೀಪದ ಕಂಬ, ತಂಬಿಟ್ಟು, ಅರಿಶಿನದ ದಾರ, ತಟ್ಟೆಯಲ್ಲಿ ನೀರು, ಹೂವು. ದೇವರ ಮುಂದೆ ಹಾಕಿದ ಮಣೆಯ ಮೇಲೆ, ಗಂಡ ಕೂರಬೇಕಾದ ಜಾಗದಲ್ಲಿ, ತಾಮ್ರದ ಚೊಂಬಿಗೆ ಒರಗಿಸಿ ನಿಲ್ಲಿಸಿದ ಫೋನು. ಮಗಳು ಪಟ್ಟೆ ಲಂಗ ತೊಟ್ಟು ಪಕ್ಕದಲ್ಲಿ ಕೂತಿದ್ದಳು. ಮೈದುನ ಫೋನು ಜಾರದಂತೆ ನೋಡಿಕೊಳ್ಳಲು ನಿಂತಿದ್ದ.

ಅಲ್ಲಿ ಆಗಷ್ಟೇ ಬೆಳಗಾಗಿತ್ತು. ಅವನು ನಕ್ಕ, ಮಗಳಿಗೆ ಕೈಬೀಸಿದ, ಆಮೇಲೆ ಫೋನನ್ನು ಕೆಳಗಿಳಿಸಿ ಪಾದ ತೋರಿಸಿದ. ಸ್ಟೂಲಿನ ಮೇಲೆ ಬಲಗಾಲು. ತೊಳೆದ ಕಾಲು, ಉಗುರು ಕತ್ತರಿಸಿದ್ದ. ನಾನು ಅಕ್ಷತೆ ಕೈಗೆ ತೆಗೆದುಕೊಂಡೆ.

"ತಡಿ ತಡಿ" ಎಂದರು ದೊಡ್ಡಮ್ಮ. ಕನ್ನಡಕ ಸರಿಮಾಡಿಕೊಂಡು ಫೋನಿನ ಮೇಲೆ ಬಗ್ಗಿದರು. "ಏನೋ ಇದು, ಒಂದೇ ಕಾಲು? ಇನ್ನೊಂದೆಲ್ಲೋ?"

"ಸ್ಕ್ರೀನಲ್ಲಿ ಒಂದೇ ಹಿಡಿಯೋದು ದೊಡ್ಡಮ್ಮ."

"ಫೋನ್ ಹಿಂದಕ್ಕೆ ಹಿಡಿಯೋ. ಇಡೀ ಮುಖ ಕಾಣ್ಸತ್ತಂತೆ, ಎರಡು ಕಾಲು ಕಾಣಲ್ವೇನೋ?"

ಬಾಗಿಲ ಆಚೆಯಿಂದ ಅತ್ತೆ ಅವಸರದಲ್ಲಿ ಹೇಳಿದರು, "ಅಕ್ಕಾ, ಸಾಕು ಬಿಡು. ನೆಟ್‌ವರ್ಕ್ ಹೋದ್ರೆ ಪೂಜೆ ಅರ್ಧಕ್ಕೇ ನಿಂತೋಗತ್ತೆ. ಅಕ್ಷತೆ ಹಾಕ್ಸು."

"ಒಂಟಿ ಪಾದಕ್ಕೆ ಪೂಜೆ ಮಾಡ್ತಾರೇನೇ? ಅಂಥ ಪದ್ಧತಿ ನಮ್ಮಲ್ಲಿ ಎಲ್ಲಿದೆ? ಗಂಡನ ಜೋಡಿಪಾದ ಕಣೇ. ನೀನೇ ಇಷ್ಟು ವರ್ಷ ಮಾಡಿಲ್ವಾ?"

ಅವನು ಏನೋ ಗೊಣಗಿದ. ಚಿತ್ರ ಅಲ್ಲಾಡಿತು. ಮೈದುನ ಬಗ್ಗಿ "ಕನೆಕ್ಷನ್ ಸರಿ ಇಲ್ಲ ಅತ್ತಿಗೆ, ಕಟ್ ಮಾಡಿ ಮತ್ತೆ ಮಾಡ್ತೀನಿ" ಎಂದು ಫೋನಿಗೆ ಕೈಹಾಕಿದ. ಕನೆಕ್ಷನ್ನಿಗೆ ಏನೂ ಆಗಿರಲಿಲ್ಲ. ಸ್ಟೂಲಿನ ಹಿಂದೆ ಒಣಹಾಕಿದ್ದ ಟವೆಲಿನ ಗೆರೆಗಳು ಕೂಡ ಸ್ಪಷ್ಟವಾಗಿ ಕಾಣುತ್ತಿದ್ದವು. ಮೈದುನನ ಮಣಿಕಟ್ಟು ಹಿಡಿದೆ. "ಕೈ ತೆಗಿ" ಎಂದೆ. ತೆಗೆದ.

"ಎಡಗಾಲು ತೋರಿಸು."

ಹಿರಿಯರ ಮುಂದೆ ನಾನು ಅವನಿಗೆ ಯಾವತ್ತೂ ಏಕವಚನ ಆಡಿದವಳಲ್ಲ. ಆವತ್ತು ಆಡಿದೆ.

ಕಾಲುಚೀಲ ಹಾಕಿದ ಕಾಲು ನಿಧಾನಕ್ಕೆ ಮೇಲೆ ಬಂತು. ಕಿರುಬೆರಳಿನ ಕಡೆ ಕಾಲುಚೀಲ ಜೋತುಬಿದ್ದಿತ್ತು, ಒಳಗೆ ಏನೂ ಇಲ್ಲದ ಹಾಗೆ. ಬಿಚ್ಚು ಎಂದೆ. ಬಿಚ್ಚಿದ. ಕಿರುಬೆರಳೂ ಅದರ ಪಕ್ಕದ ಬೆರಳೂ ಇರಲಿಲ್ಲ. ಅಲ್ಲಿ ನಸುಗೆಂಪಾಗಿ ಹೊಲಿಗೆ ಹಾಕಿದ ಚರ್ಮ ಇತ್ತು. ದೊಡ್ಡಮ್ಮ ರಾಮ ರಾಮ ಎಂದು ಕಣ್ಣು ಮುಚ್ಚಿಕೊಂಡರು. ನಾನು ಮುಚ್ಚಿಕೊಳ್ಳಲಿಲ್ಲ. ಪೂರ್ತಿ ನೋಡಿದೆ.

ಸೇತುವೆಗೆ ಜೋಡಿಸುವ ಕಬ್ಬಿಣದ ತುಂಡು ಜಾರಿ ಕಾಲಿನ ಮೇಲೆ ಬಿದ್ದಿತ್ತಂತೆ. ಈಗ ನೋವಿಲ್ಲವಂತೆ, ನಡೆಯಬಹುದಂತೆ. ಇನ್ನೇನು ವಾಪಸು ಬರುವ ಸಮಯ ಬಂತಲ್ಲ, ಎದುರಿಗೇ ಹೇಳೋಣ ಎಂದುಕೊಂಡಿದ್ದನಂತೆ. "ನೀನು ಅಲ್ಲಿ ಒಬ್ಬಳೇ ಇರ್ತೀಯ, ಸುಮ್ನೆ ಟೆನ್ಷನ್ ಮಾಡ್ಕೋತೀಯ ಅಂತ…"

ಒಬ್ಬಳೇ. ಆ ಮಾತು ಕೇಳಿ ನಾನು ತಿರುಗಿ ನೋಡಿದೆ. ಮೈದುನ ನೆಲ ನೋಡುತ್ತಿದ್ದ. ಬಾಗಿಲಲ್ಲಿ ಅತ್ತೆ ಸೆರಗು ಹಿಡಿದು ನಿಂತಿದ್ದರು. ಇಬ್ಬರ ಮುಖದಲ್ಲೂ ಗಾಬರಿ ಇರಲಿಲ್ಲ. ಸಿಕ್ಕಿಬಿದ್ದವರ ಸಂಕಟ ಇತ್ತು.

"ನಿಮಗೆ ಗೊತ್ತಿತ್ತು" ಎಂದೆ.

"ನಿನ್ನ ಒಳ್ಳೇದಕ್ಕೇ ಕಣಮ್ಮ. ಸ್ಕೂಲು, ಮಗು, ಮನೆ, ಎಲ್ಲಾ ನಿನ್ನ ತಲೆ ಮೇಲೇ ಇದೆ. ಇದೂ ಯಾಕೆ ಅಂತ."

"ಮತ್ತೆ ಈ ಪೂಜೆಗೆ ಯಾಕೆ ಹಟ ಹಿಡಿದ್ರಿ? ದೀಪಕ್ಕೆ ಕೈಮುಗಿದಿದ್ರೆ ಸಾಕಾಗ್ತಿತ್ತಲ್ಲ."

ಅತ್ತೆ ಹೊಸ್ತಿಲು ದಾಟದೆಯೇ ಹೇಳಿದರು. "ಆ ಕಾಲಿಗೋಸ್ಕರಾನೇ. ಇನ್ನೇನೂ ಆಗ್ದೆ ನಡ್ಕೊಂಡು ಮನೆಗೆ ಬರ್ಲಿ ಅಂತ. ನಾನು ಮಾಡೋ ಹಾಗಿಲ್ವಲ್ಲ. ನೀನೇ ಮಾಡ್ಬೇಕು."

ಅಂದರೆ ನನ್ನ ಕೈ ಬೇಕಿತ್ತು, ಕಣ್ಣು ಬೇಡವಾಗಿತ್ತು. ಮುತ್ತೈದೆಯ ಅಕ್ಷತೆ ಬೇಕಿತ್ತು, ಆ ಅಕ್ಷತೆ ಯಾವ ಗಾಯಕ್ಕೆ ಬೀಳುತ್ತಿದೆ ಎಂದು ಮುತ್ತೈದೆಗೆ ತಿಳಿಯಬಾರದಿತ್ತು. ಬಲಗಾಲಿಗೆ ಪೂಜೆ ಮಾಡಿದರೆ ಎಡಗಾಲಿಗೆ ಫಲ ಹೋಗುತ್ತದೆ ಎಂದು ಲೆಕ್ಕ ಹಾಕಿದ್ದರಲ್ಲ, ಆ ಲೆಕ್ಕ ಗಣಿತದವಳಾದ ನನಗೆ ಇವತ್ತಿಗೂ ಬಿಡಿಸಲು ಬಂದಿಲ್ಲ. ತಾಯಿಯ ಕರುಳು ಎಂದು ಆಮೇಲೆ ಎಷ್ಟೋ ಜನ ನನಗೆ ಬುದ್ಧಿ ಹೇಳಿದರು. ಕರುಳು ನನಗೂ ಇದೆ.

ಆಗ ಮಗಳು ನನ್ನ ಸೆರಗು ಎಳೆದಳು.

"ನಂಗೂ ಗೊತ್ತಿತ್ತಮ್ಮ. ಅಜ್ಜಿ ಫೋನಲ್ಲಿ ಮಾತಾಡ್ತಿದ್ದಾಗ ಕೇಳಿಸ್ಕೊಂಡೆ. ಹೇಳಿದ್ರೆ ನೀನು ಅಳ್ತೀಯ, ಹುಷಾರು ತಪ್ತೀಯ ಅಂದ್ರು ಅಜ್ಜಿ. ಅದಕ್ಕೇ ಹೇಳ್ಲಿಲ್ಲ. ಒಂದ್ಸಲಾನೂ ಹೇಳ್ಲಿಲ್ಲ."

ಹೆಮ್ಮೆಯಿಂದ ಹೇಳಿದಳು. ನನಗೆ ಆಗ ನೆನಪಾಯಿತು. ಒಂದು ದಿನ ಎರೆದುಕೊಳ್ಳುವಾಗ "ಹಲ್ಲು ಬಿದ್ರೆ ಮತ್ತೆ ಹುಟ್ಟತ್ತಲ್ಲ, ಬೆರಳು ಬಿದ್ರೆ?" ಎಂದು ಅವಳು ಕೇಳಿದ್ದಳು. ಇಲ್ಲ ಎಂದಿದ್ದೆ, ಬೇಗ ಏಳು, ಶಾಲೆಗೆ ಹೊತ್ತಾಯಿತು ಎಂದಿದ್ದೆ. ಆ ಉತ್ತರ ಹೊತ್ತುಕೊಂಡು ಅವಳು ಶಾಲೆಗೆ ಹೋಗಿದ್ದಳು, ಬಂದಿದ್ದಳು, ನನ್ನ ಪಕ್ಕದಲ್ಲೇ ಮಲಗಿದ್ದಳು. ಏಳು ವರ್ಷದ ಮಗುವಿನ ಬಾಯಿಗೆ ಬೀಗ ಹಾಕಿ, ನನ್ನನ್ನು ಕಾಪಾಡುವ ಕೆಲಸ ಅದಕ್ಕೆ ಕೊಟ್ಟಿದ್ದರು. ನನ್ನಿಂದ ಮುಚ್ಚಿಟ್ಟಿದ್ದನ್ನು ಹೇಗೋ ನುಂಗಬಹುದಿತ್ತು. ಇದನ್ನು ನುಂಗಲು ಆಗಲಿಲ್ಲ. ಏನೇನು ಕೂಗಿದೆ ಎಂದು ಪೂರ್ತಿ ನೆನಪಿಲ್ಲ. ತಂಬಿಟ್ಟಿನ ತಟ್ಟೆ ಮಗುಚಿದ್ದು ನೆನಪಿದೆ. ಎದುರುಮನೆಯವರು ಗೇಟಿಗೆ ಬಂದು ಇಣುಕಿದರಂತೆ. ಇಣುಕಲಿ.

ಕೂಗಿ ಮುಗಿದ ಮೇಲೆ ಫೋನು ಕೈಗೆತ್ತಿಕೊಂಡು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಅವನು ಇನ್ನೂ ಅಲ್ಲೇ ಇದ್ದ. ಕಣ್ಣು ಕೆಂಪಾಗಿದ್ದವು.

"ನಂಗೆ ಏನೂ ಹೇಳ್ಬೇಡ" ಎಂದೆ. "ಇವಳಿಗೆ ಹೇಳು. ಅಮ್ಮನ ಹತ್ರ ಇನ್ಮೇಲೆ ಏನೂ ಮುಚ್ಚಿಡಬೇಡ ಅಂತ ನಿನ್ನ ಬಾಯಿಂದಾನೇ ಹೇಳು. ಎಲ್ಲರಿಗೂ ಕೇಳೋ ಹಾಗೆ."

ಅವನು ಹೇಳಿದ. "ಪುಟ್ಟಿ, ಅಪ್ಪ ಮಾಡಿದ್ದು ತಪ್ಪು. ಯಾರು ಬೇಡ ಅಂದ್ರೂ, ಅಪ್ಪಾನೇ ಬೇಡ ಅಂದ್ರೂ, ಅಮ್ಮಂಗೆ ಹೇಳ್ಬೇಕು. ಆಯ್ತಾ?"

ಮಗಳು ಅವನನ್ನು ನೋಡಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಕತ್ತು ಹೊರಳಿಸಿ ಬಾಗಿಲಲ್ಲಿ ನಿಂತಿದ್ದ ಅಜ್ಜಿಯನ್ನು ನೋಡಿದಳು, ಹೂಂ ಅನ್ನಬಹುದಾ ಎಂದು. ಅತ್ತೆ ತಲೆಯಾಡಿಸಿದರು. ಆಮೇಲೆ ಅವಳು ಹೂಂ ಅಂದಳು. ಗಂಡನ ಕಾಲು ನೋಡಿದಾಗ ಬಾರದ ಅಳು ನನಗೆ ಆಗ ಬಂತು.